ಅಕ್ಕನ ಮೊಣಕಾಲಿಗೆ ವಿಯೆಟ್ನಾಮಿನ ಗುಹೆ

ಕೂಕಟ್‌ಪಲ್ಲಿ

ನಾನು ವಿಯೆಟ್ನಾಮಿಗೆ ಹೋದದ್ದು ಊರು ನೋಡಲು ಅಲ್ಲ, ಬಾಯಿ ಮುಚ್ಚಿಕೊಂಡಿರಲು. ಐದು ದಿನ ಕಲ್ಲಿನ ಬಗ್ಗೆ ಒಂದೇ ಒಂದು ಮಾತೂ ಆಡುವುದಿಲ್ಲವೆಂದು ನನ್ನ ಅಕ್ಕನಿಗೆ ಮಾತು ಕೊಟ್ಟು ವಿಮಾನ ಹತ್ತಿದ್ದೆ. ಕೂಕಟ್‌ಪಲ್ಲಿಯಲ್ಲಿ ಮೂವತ್ತು ವರ್ಷಗಳಿಂದ ಶಹಾಬಾದ್ ಫರಸಿಯ ಅಂಗಡಿ ಇಟ್ಟವನಿಗೆ ಇದಕ್ಕಿಂತ ಕಠಿಣವಾದ ಉಪವಾಸ ಇನ್ನೊಂದಿಲ್ಲ.

ಫರಸಿ ಎಂದರೆ ನೆಲಕ್ಕೆ ಹಾಸುವ ಚಪ್ಪಡಿ. ನಮ್ಮೂರು ಶಹಾಬಾದಿನ ನೆಲದಡಿಯೆಲ್ಲ ಅದೇ. ನಮ್ಮಪ್ಪ ಅದನ್ನೇ ಮಾರಿದರು, ನಾನೂ ಅದನ್ನೇ ಮಾರುತ್ತೇನೆ. ಬೆರಳಿನ ಗೆಣ್ಣಿನಿಂದ ಬಡಿದು, ಬಂದ ಸದ್ದಿನ ಮೇಲೆ ಕಲ್ಲು ಗಟ್ಟಿಯೋ ಒಡಕೋ ಹೇಳುವುದು ನಮ್ಮ ಮನೆತನದ ವಿದ್ಯೆ. ನನ್ನ ಮದುವೆಯ ಮಾತುಕತೆಗೆ ಹೋದಾಗ ಅಪ್ಪ ಬೀಗರ ಪಡಸಾಲೆಯ ನೆಲವನ್ನು ಬಡಿದು ನೋಡಿದ್ದರಂತೆ.

ಅಕ್ಕ ಗೌರಕ್ಕ ನನಗಿಂತ ಆರು ವರ್ಷ ದೊಡ್ಡವಳು. ಕನ್ನಡ ಶಾಲೆಯ ನಿವೃತ್ತ ಟೀಚರು. ನಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮಹಡಿಯಲ್ಲಿದ್ದಾಳೆ. ಅವಳ ಬಲಗಾಲಿನ ಮೊಣಕಾಲ ಕೀಲು ಸವೆದುಹೋಗಿದೆ, ಬದಲಾಯಿಸಲೇಬೇಕು ಎಂದು ಡಾಕ್ಟರು ಹೇಳಿ ಒಂದು ವರ್ಷವಾಗಿತ್ತು. ಅಕ್ಕ ಒಪ್ಪಿರಲಿಲ್ಲ. ಯಾಕೆ ಎಂದರೆ ಹೇಳುತ್ತಲೂ ಇರಲಿಲ್ಲ. ಈ ನಡುವೆ ಯಾರೋ ಅವಳನ್ನು ಕೊಂಡಾಪುರದ ಮಾಧುರಿ ಮೇಡಂ ಹತ್ತಿರ ಕರೆದುಕೊಂಡು ಹೋದರು.

ಮಾಧುರಿ ಮೇಡಂ ಹರಳುಗಳಿಂದ ಚಿಕಿತ್ಸೆ ಮಾಡುತ್ತಾರೆ. ತಣ್ಣನೆಯ ಕೋಣೆ, ಮೆಲ್ಲಗೆ ಕೊಳಲು, ಹಣೆಗೊಂದು ಕಲ್ಲು, ಎದೆಗೊಂದು ಕಲ್ಲು. ಅಕ್ಕನ ಮೊಣಕಾಲಿಗೆ ಜೇನಿನ ಬಣ್ಣದ, ನಯಮಾಡಿದ, ಬದನೆಕಾಯಿ ಗಾತ್ರದ ಒಂದು ಕಲ್ಲು ಕೊಟ್ಟಿದ್ದರು. ಅದನ್ನು ನೋಡಿದ ಕ್ಷಣವೇ ಅದು ಯಾರ ಪೈಕಿ ಎಂದು ನನಗೆ ಗೊತ್ತಾಯಿತು. ನಗುತ್ತ, "ಅಕ್ಕಾ, ಅದರ ಬದಲಿ ನನ್ನ ಅಂಗಡ್ಯಾಂದು ಒಂದು ಫರಸಿ ಕಾಲ ಮ್ಯಾಲ ಇಟ್ಕೋ" ಎಂದೆ. ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು.

ಮೂರನೆಯ ದಿನ ಮಹಡಿ ಹತ್ತಲಾರದೆ ಲಿಫ್ಟಿನಲ್ಲಿ ಬಂದು ಬಾಗಿಲಲ್ಲೇ ನಿಂತಳು. ಮೇಡಂ ಒಂದು ತಂಡವನ್ನು ವಿಯೆಟ್ನಾಮಿಗೆ ಕರೆದೊಯ್ಯುತ್ತಿದ್ದಾರಂತೆ. ಅಲ್ಲಿನ ಗುಹೆಗಳಲ್ಲಿ ಸಾವಿರಾರು ವರ್ಷ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಆದ ಕಲ್ಲಿನ ಕೋಲುಗಳಿವೆಯಂತೆ. ಮೇಲಿನಿಂದ ಇಳಿಬಿದ್ದದ್ದು ನಾವು ಬಿಟ್ಟುಕೊಡಬೇಕಾದ್ದರ ಗುರುತು. ಕೆಳಗಿನಿಂದ ಎದ್ದದ್ದು ಬಿದ್ದಲ್ಲಿಂದ ಮೇಲೇಳುವುದರ ಗುರುತು. ಎರಡೂ ಕೂಡಿ ಕಂಬವಾದರೆ ಮನಸ್ಸೂ ದೇಹವೂ ಒಂದಾದ ಹಾಗೆ. ಮೊಣಕಾಲಿನವರು ತಮ್ಮ ಹರಳನ್ನು ಆ ಕೋಲಿನ ಕೆಳಗೆ ಹನ್ನೊಂದು ನಿಮಿಷ ಹಿಡಿದರೆ ಕಲ್ಲಿಗೆ ಶಕ್ತಿ ಬರುತ್ತದಂತೆ.

"ನಿಮ್ಮ ಮಾವಗ ವಿಮಾನ ಅಂದ್ರ ತಲಿ ತಿರುಗತೈತಿ. ನೀ ಬಾ," ಎಂದಳು ಅಕ್ಕ, ತನ್ನ ಗಂಡನನ್ನು ಕುರಿತು. "ಬಂದ ಮ್ಯಾಲೂ ನೋವು ಹಂಗ ಇದ್ರ ಆಪರೇಶನ್ ಮಾಡಿಸ್ಕೋತೀನಿ. ಆದ್ರ ಒಂದು ಮಾತು. ಅಲ್ಲಿರೋತನಕ ಕಲ್ಲಿನ ಬಗ್ಗೆ ಬಾಯಿ ಬಿಚ್ಚಂಗಿಲ್ಲ. ಒಂದ ಮಾತು ಆಡಿದಿ ಅಂದ್ರ ಒಪ್ಪಂದ ಮುರೀತು, ಆಪರೇಶನ್ ಸುದ್ದಿ ಮತ್ತ ಎತ್ತಬಾರದು."

ಅವಳ ಕಾಲು ದಿನದಿನಕ್ಕೆ ಬಾಗುತ್ತಿರುವುದು ನನಗೆ ಕಾಣುತ್ತಿತ್ತು. ಒಪ್ಪಿಕೊಂಡೆ.

ವಿಮಾನ ನಿಲ್ದಾಣ

ತಂಡದಲ್ಲಿ ಮೇಡಂ ಸೇರಿ ಹತ್ತು ಜನ ಹೆಂಗಸರು, ನಾನೊಬ್ಬ ಗಂಡಸು. ಹರಳು ಮೈಯಿಂದ ದೂರ ಆಗಬಾರದೆಂದು ಮೇಡಂ ಹೇಳಿದ್ದರಿಂದ ಹತ್ತೂ ಜನ ಕಲ್ಲುಗಳನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದರು. ತಪಾಸಣೆಯ ಯಂತ್ರದೊಳಗೆ ಒಂದಾದ ಮೇಲೊಂದು ಹತ್ತು ಚೀಲ ಹೋದವು. ಯಂತ್ರದ ಮುಂದೆ ಕುಳಿತವನು ಮೊದಲು ಕಣ್ಣುಜ್ಜಿಕೊಂಡ, ಆಮೇಲೆ ಎದ್ದು ನಿಂತ.

ಅಕ್ಕನ ಚೀಲ ಬಿಚ್ಚಿಸಿದರು. "ಮಾಜಿ, ಯೇ ಪತ್ಥರ್ ಕಾಯ್ಕೂ?" ಎಂದು, ಈ ಕಲ್ಲು ಯಾಕೆಂದು ಕೇಳಿದ ಅಧಿಕಾರಿ. ಅಕ್ಕ ತನ್ನ ದಖನಿ ಉರ್ದುವಿನಲ್ಲಿ, "ಘುಟ್ನೇ ಕಾ ದರ್ದ್ ಹೈ ಬೇಟಾ" ಎಂದು ನೋಯುವ ಮೊಣಕಾಲು ತೋರಿಸಿದಳು. ಕಲ್ಲಿನ ಕೆಳಗೆ ಬಟ್ಟೆಯಲ್ಲಿ ಕಟ್ಟಿದ ಇನ್ನೊಂದು ಗಟ್ಟಿ ವಸ್ತು ಇತ್ತು. ಅಧಿಕಾರಿ ಅದನ್ನು ಬೆರಳಿನಿಂದ ಬಡಿದ. ಅದು ಖಡಕ್ ರೊಟ್ಟಿ. ಪರದೇಶದಲ್ಲಿ ತಮ್ಮ ಹಸಿದುಕೊಂಡಿದ್ದಾನು ಎಂದು ನಲವತ್ತು ರೊಟ್ಟಿ ಬಡಿದು ಒಣಗಿಸಿ ತಂದಿದ್ದಳು. ಅವನ ಪಕ್ಕದಲ್ಲಿದ್ದ ಹೆಂಗಸು ಬೀದರಿನವಳಿರಬೇಕು. "ಬಿಡ್ರಿ ಸರ್, ಅದು ರೊಟ್ಟಿ. ಕಲ್ಲಿಗಿಂತ ಗಟ್ಟಿ, ಆದ್ರ ತಿನ್ನಾಕ ಬರತೈತಿ" ಎಂದು ಬಿಡಿಸಿ ಕಳಿಸಿದಳು.

ಹನೋಯ್

ಹನೋಯಿಯ ರಸ್ತೆಯಲ್ಲಿ ಸ್ಕೂಟರುಗಳು ನಿಲ್ಲುವುದಿಲ್ಲ. ನಮ್ಮ ಕೋಠಿಯ ಬಸ್ ನಿಲ್ದಾಣದ ಮುಂದೆ ರಸ್ತೆ ದಾಟಿ ಪಳಗಿದವರು ನಾವು, ನಮಗೇನು ಹೊಸದಲ್ಲ ಎಂದುಕೊಂಡಿದ್ದೆ. ಆದರೆ ಇಲ್ಲಿ ಯಾರೂ ಬೈಯುವುದಿಲ್ಲ, ಅದೇ ಕಷ್ಟ. ನಮ್ಮಲ್ಲಿ ಬೈಗುಳದ ಸದ್ದಿನ ಮೇಲೆ ಗಾಡಿ ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ಇಲ್ಲಿ ಎಲ್ಲರೂ ತುಟಿ ಬಿಚ್ಚದೆ ನಮ್ಮನ್ನು ಸುತ್ತುವರಿದು ಹರಿದುಹೋದರು.

ಆ ಊರಿನ ಜನ ಫುಟ್‌ಪಾತಿನಲ್ಲೇ ಉಣ್ಣುತ್ತಾರೆ. ಅದಕ್ಕೆ ನಮ್ಮ ಶಿಶುವಿಹಾರದಲ್ಲಿರುವಂಥ ಪುಟ್ಟ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳು. ಕೋಟು ಹಾಕಿದ ಗಂಡಸರೂ ಮೊಣಕಾಲು ಗದ್ದಕ್ಕೆ ತಾಗುವಂತೆ ಅದರ ಮೇಲೆ ಕುಳಿತು ಸೂಪು ಹೀರುತ್ತಾರೆ. ಒಂದು ಅಂಗಡಿಯ ಮುಂದೆ ಎಂಬತ್ತು ದಾಟಿದ ಅಜ್ಜಿಯೊಬ್ಬಳು ಸ್ಟೂಲೂ ಇಲ್ಲದೆ ಕುಕ್ಕರುಗಾಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಅಕ್ಕ ನಿಂತುಬಿಟ್ಟಳು. ಮಾಧುರಿ ಮೇಡಂ ಮುಂದೆ ಹೋದರು, ತಂಡ ಹೋಯಿತು, ಅಕ್ಕ ಅಲ್ಲಾಡಲಿಲ್ಲ. ಬಂಗಾರದ ಅಂಗಡಿಯ ಗಾಜಿನ ಮುಂದೆ ನಿಂತವರು ನೋಡುವ ಹಾಗೆ ಆ ಅಜ್ಜಿಯ ಮೊಣಕಾಲನ್ನೇ ನೋಡುತ್ತಿದ್ದಳು.

"ಹೆಂಗ ಕುಂತಾಳ ನೋಡಲೇ ಶಿವ್ಯಾ," ಎಂದಳು ನನಗೆ. ನಾನು ತಡೆಯುವಷ್ಟರಲ್ಲಿ ತಾನೂ ಒಂದು ಸ್ಟೂಲಿನ ಮೇಲೆ ಕುಳಿತೇಬಿಟ್ಟಳು.

ಕೂರುವುದು ಸುಲಭ, ಭೂಮಿಯೇ ಎಳೆದುಕೊಳ್ಳುತ್ತದೆ. ಏಳುವಾಗ ಮೊಣಕಾಲು ಹಿಡಿದುಕೊಂಡಿತು. ನಾನು ಒಂದು ತೋಳು, ಸೂಪಿನ ಅಂಗಡಿಯವನು ಒಂದು ತೋಳು ಹಿಡಿದು ಎತ್ತಿದೆವು. ಸ್ಟೂಲು ಮಾತ್ರ ಅಕ್ಕನನ್ನು ಬಿಡಲೊಲ್ಲದೆ ಜೊತೆಗೇ ಎದ್ದು ಬಂತು. ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು, ಬಂದು ಸ್ಟೂಲು ಕಿತ್ತಳು. ಆಮೇಲೆ ಒಂದು ಕೆಲಸ ಮಾಡಿದಳು. ಒಂದರ ಮೇಲೊಂದರಂತೆ ಐದು ಸ್ಟೂಲು ಪೇರಿಸಿ, ಅಂಗೈಯಿಂದ ತಟ್ಟಿ, ಅಕ್ಕನಿಗೆ ಕೂರಲು ಸನ್ನೆ ಮಾಡಿದಳು. ಅಕ್ಕ ಆ ಗೋಪುರದ ಮೇಲೆ ನೆಟ್ಟಗೆ ಕುಳಿತಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿದರು. ಅಕ್ಕ ಅವಳಿಗೆ ಎರಡು ರೊಟ್ಟಿ ಕೊಟ್ಟಳು. ಹಲ್ಲಿಲ್ಲದ ಅಜ್ಜಿ ಅದನ್ನು ಸೂಪಿನಲ್ಲಿ ಅದ್ದಿಕೊಂಡು ತಿಂದಳು.

ಹಾಲಾಂಗ್, ಗುಹೆಯೊಳಗೆ

ಹಾಲಾಂಗ್ ಕೊಲ್ಲಿಯಲ್ಲಿ ಕಡಲಿನಿಂದ ನೇರ ಮೇಲೆದ್ದ ಗುಡ್ಡಗಳು ಎಲ್ಲಿ ನೋಡಿದರಲ್ಲಿ. ಎಲ್ಲವೂ ಸುಣ್ಣದ ಕಲ್ಲು. ದೋಣಿಯ ಮೇಲ್ಛಾವಣಿಯಲ್ಲಿ ನಿಂತು ನಾನು ಆ ಗುಡ್ಡಗಳನ್ನು ಚಪ್ಪಡಿ ಚಪ್ಪಡಿಯಾಗಿ ಕೊಯ್ದು ಮನಸ್ಸಿನಲ್ಲೇ ಎಷ್ಟು ಮನೆಗಳಿಗೆ ನೆಲ ಹಾಸಿದೆನೋ ಲೆಕ್ಕವಿಲ್ಲ. ಅಕ್ಕ ನನ್ನ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟಳು.

ಗುಹೆಗೆ ಕಡಿದಾದ ಮೆಟ್ಟಿಲು. ಅಕ್ಕ ನನ್ನ ಹೆಗಲು ಹಿಡಿದು, ಐದು ಮೆಟ್ಟಿಲಿಗೊಮ್ಮೆ ನಿಂತು, ಮೇಲೆ ಬಂದಾಗ ಅವಳ ಮುಖ ಬಿಳಿಚಿತ್ತು. ಒಳಗೆ ಕಾಲಿಟ್ಟರೆ ಒಂದು ಕಲ್ಯಾಣ ಮಂಟಪಕ್ಕಿಂತ ದೊಡ್ಡ ಬಯಲು. ಮೇಲಿನಿಂದ ಕಲ್ಲಿನ ಕೋಲುಗಳು ಸಾವಿರಗಟ್ಟಲೆ ಇಳಿಬಿದ್ದಿದ್ದವು, ಕೆಳಗಿನಿಂದ ಕಲ್ಲಿನ ಮೊಳಕೆಗಳು ಎದ್ದಿದ್ದವು. ಸುಳ್ಳು ಹೇಳಲಾರೆ, ಮೂವತ್ತು ವರ್ಷ ಸತ್ತ ಕಲ್ಲು ಮಾರಿದ ನನಗೆ ಕಲ್ಲು ಬೆಳೆಯುವುದನ್ನು ನೋಡಿ ಮೈ ಜುಮ್ಮೆಂದಿತು.

ನಮ್ಮ ಗೈಡ್ ಲಿಯೆನ್ ಎಂಬ ಚುರುಕು ಹೆಣ್ಣುಮಗಳು. ಒಂದೊಂದು ಕಲ್ಲಿಗೂ ಬೆಳಕು ಬಿಟ್ಟು ಇದು ಆಮೆ, ಇದು ಡ್ರ್ಯಾಗನ್ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಮ್ಮವರಿಗೆ ಆಮೆಯಲ್ಲಿ ಗಣಪತಿ ಕಂಡ. ಡ್ರ್ಯಾಗನ್ ಎಂದದ್ದನ್ನು ನಮ್ಮ ತಂಡದ ಸುಜಾತಾ ಗಾರು ಬಿರಿಯಾನಿ ಹಂಡೆ ಎಂದು ಪಟ್ಟು ಹಿಡಿದರು. ಲಿಯೆನ್ ಸ್ವಲ್ಪ ಹೊತ್ತು ನೋಡಿ, ಹೌದೆಂದು ಒಪ್ಪಿದಳು.

ಅಷ್ಟರಲ್ಲಿ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬಾಯಿಗೆ ತಾನೇ ಬೀಗ, ಗೆಣ್ಣಿಗೆ ಇರಲಿಲ್ಲವಲ್ಲ. ಪಕ್ಕದಲ್ಲಿದ್ದ ಕಂಬಕ್ಕೆ ಮೆಲ್ಲಗೆ ಬಡಿದೆ. ಟಣ್! ಎಂಥ ಕಲ್ಲು! ಇನ್ನೊಮ್ಮೆ ಬಡಿಯುವಷ್ಟರಲ್ಲಿ ಕಾವಲುಗಾರ ಸೀಟಿ ಊದಿದ. ಕಲ್ಲು ಮುಟ್ಟಿದರೆ ಕೈಯ ಜಿಡ್ಡು ಹತ್ತಿ ಅದು ಬೆಳೆಯುವುದನ್ನೇ ನಿಲ್ಲಿಸುತ್ತದೆ ಎಂದು ಲಿಯೆನ್ ಗದರಿಸಿದಳು. ತಪ್ಪು ನನ್ನದೇ. ಐವತ್ತೆಂಟನೆಯ ವಯಸ್ಸಿನಲ್ಲಿ ಕಿವಿ ಹಿಡಿದುಕೊಂಡು ತಪ್ಪಾಯಿತೆಂದೆ.

ಹನಿ ಬೀಳುವ ಒಂದು ಜಾಗ ದಾರಿಯ ಪಕ್ಕದಲ್ಲೇ ಇತ್ತು. ಮಾಧುರಿ ಮೇಡಂ ಫೋನಿನಲ್ಲಿ ಹನ್ನೊಂದು ನಿಮಿಷದ ಅಲಾರಾಂ ಇಟ್ಟರು. ಅಕ್ಕನಿಗೆ ಅಷ್ಟು ಹೊತ್ತು ನಿಲ್ಲಲಾಗದು. ಹಾಗಾಗಿ ಅವಳ ಹರಳು ಹಿಡಿದು ಕೈಚಾಚಿ ನಿಂತವನು ನಾನು. ಸುಣ್ಣದ ಕಲ್ಲಿನ ಕೆಳಗೆ ಸುಣ್ಣದ ಕಲ್ಲು ಹಿಡಿದು, ಆಡಬೇಕಾದ ಮಾತನ್ನೆಲ್ಲ ನುಂಗುತ್ತ ನಿಂತೆ. ಅರ್ಧ ನಿಮಿಷಕ್ಕೊಂದು ಹನಿ, ಅದರಲ್ಲೂ ಅರ್ಧ ನನ್ನ ತೋಳಿಗೆ. ಹಿಂದೆ ಸಾಲು ಬೆಳೆಯಿತು. ಇದು ಇಲ್ಲಿನ ಪದ್ಧತಿಯೆಂದು ತಿಳಿದ ಒಬ್ಬ ಪ್ರವಾಸಿ ತನ್ನ ಟೋಪಿ ಹಿಡಿದ. ಇನ್ನೊಬ್ಬ ಹಿರಿಯರು ಟೋಪಿ ತೆಗೆದು ಬೋಳು ತಲೆಯನ್ನೇ ಒಡ್ಡಿದರು. ಹನಿ ಬಿದ್ದಾಗ ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು.

ಹರಳು ಒಪ್ಪಿಸಲು ಹೋದಾಗ ಅಕ್ಕ ಒಂದು ಬೆಂಚಿನ ಮೇಲೆ ಕುಳಿತು, ಎದುರಿಗಿದ್ದ ಮೊಣಕಾಲೆತ್ತರದ ಕಲ್ಲಿನ ಮೊಳಕೆಯನ್ನು ನೋಡುತ್ತಿದ್ದಳು.

"ಇದು ಎಷ್ಟು ವರ್ಷದ್ದಂತ ಆ ಹುಡುಗಿನ್ನ ಕೇಳು," ಎಂದಳು. ಕೇಳಿದೆ. ನೂರು ವರ್ಷಕ್ಕೆ ಸುಮಾರು ಒಂದು ಬೆರಳಿನ ದಪ್ಪ ಏರುತ್ತದೆ, ನೀವೇ ಲೆಕ್ಕ ಹಾಕಿ ಎಂದಳು ಲಿಯೆನ್.

"ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿಗಿಂತ ಚುರುಕೈತಿ ಬಿಡು," ಎಂದು ಅಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಲೇ ಶಿವ್ಯಾ, ನಾ ಆಪರೇಶನ್‌ಗೆ ಅಂಜಿ ಒಲ್ಲೆ ಅಂದಿಲ್ಲೋ," ಎಂದಳು.

"ಮತ್ತ್ಯಾಕಕ್ಕಾ?"

"ಕೀಲು ಬದಲಿ ಮಾಡಿದ ಮ್ಯಾಲ ನೆಲದ ಮ್ಯಾಲ ಕುಂಡ್ರಬಾರದಂತ. ಡಾಕ್ಟರು ಕಡ್ಡಿ ಮುರದಂಗ ಹೇಳ್ಯಾರ. ನಾ ಹುಟ್ಟಿದಾಗಿಂದ ನೆಲದ ಮ್ಯಾಲ ಕುಂತಾಕಿ. ರೊಟ್ಟಿ ಬಡಿಯೋದು ನೆಲದ ಮ್ಯಾಲ, ಪೂಜಿ ಮಾಡೋದು ನೆಲದ ಮ್ಯಾಲ. ನೆಲ ಬಿಟ್ಟು ನಾ ಎಲ್ಲಿ ಇರಲಿ? ಕುರ್ಚಿ ಮ್ಯಾಲ ಗೊಂಬಿ ಕುಂಡ್ರಿಸಿದಂಗ ಕುಂಡ್ರಿಸ್ತೀರಿ ಎಲ್ಲಾರೂ."

ಅವಳ ಅಡುಗೆಮನೆ ನನ್ನ ಕಣ್ಣಿಗೆ ಕಟ್ಟಿತು. ಬಿಲ್ಡರು ಹಾಕಿಕೊಟ್ಟ ಗ್ರಾನೈಟ್ ಕಟ್ಟೆಯ ಮೇಲೆ ಡಬ್ಬಿಗಳನ್ನು ಜೋಡಿಸಿ, ಗ್ಯಾಸ್ ಒಲೆಯನ್ನು ಕೆಳಗಿಟ್ಟುಕೊಂಡು, ನೆಲದ ಮೇಲೆ ಕಾಲು ಚಾಚಿ ರೊಟ್ಟಿ ಬಡಿಯುವವಳು ಅವಳು. ಆ ಕಟ್ಟೆ ಎತ್ತರ, ಅದರ ಮೇಲೆ ಹಿಟ್ಟು ಜಾರುತ್ತದೆ ಎಂದು ಮೊದಲ ದಿನವೇ ಹೇಳಿದ್ದಳು. ಜೀವಮಾನವೆಲ್ಲ ಜನರಿಗೆ ನೆಲ ಮಾರಿದ ನನಗೆ, ಒಬ್ಬಳು ನೆಲವನ್ನೇ ಕಳೆದುಕೊಳ್ಳಬಹುದು ಎಂಬುದು ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಒಂದು ವರ್ಷ ಅವಳನ್ನು ಹೆದರುಪುಕ್ಕಲಿ ಎಂದು ಆಡಿಕೊಂಡಿದ್ದೆ.

ಊಟದ ಮೇಜು

ಅಂದು ಸಂಜೆ ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ಆ ದೇಶದಲ್ಲಿ ಪ್ರತಿ ಮೇಜಿನ ಮೇಲೂ ಒಂದು ಬಟ್ಟಲು ನಿಂಬೆಹಣ್ಣಿನ ಹೋಳುಗಳಿರುತ್ತವೆ, ಸೂಪಿಗೆ ಹಿಂಡಿಕೊಳ್ಳಲು. ಹರಳುಗಳನ್ನೆಲ್ಲ ಮೇಜಿನ ಮಧ್ಯೆ ಇಟ್ಟಿದ್ದರು. ಅಕ್ಕ ತನ್ನದನ್ನು ತಟ್ಟೆಗೆ ತೆಗೆದುಕೊಂಡಳು.

"ಅಷ್ಟು ದೇಶದ ಮಂದಿ ಇದರ ಮ್ಯಾಲ ಕಣ್ಣು ಹಾಕ್ಯಾರ. ದೃಷ್ಟಿ ತಗೀದೆ ಮನಿಗೆ ಒಯ್ಯಬಾರದು," ಎಂದಳು. ನಿಂಬೆ ಹೋಳು ಹಿಡಿದು ಮೂರು ಸಲ ನಿವಾಳಿಸಿ, ಹರಳಿನ ಮೇಲೆ ಚೆನ್ನಾಗಿ ಹಿಂಡಿದಳು. ಹೊಸ ಗಾಡಿಯಿಂದ ಹಿಡಿದು ಹೊಸ ಮಿಕ್ಸಿಯವರೆಗೆ ನಾವು ಎಲ್ಲಕ್ಕೂ ಮಾಡುವುದು ಅದನ್ನೇ.

ಹರಳು ಸೊರ್ ಎಂದಿತು. ಹಿಂಡಿದಲ್ಲೆಲ್ಲ ಸಣ್ಣ ಸಣ್ಣ ಗುಳ್ಳೆಗಳು ಎದ್ದವು.

"ಪೋತೋಂದಿ! ದಿಷ್ಟಿ ಪೋತೋಂದಿ!" ಎಂದು ಸುಜಾತಾ ಗಾರು ಎದ್ದು ನಿಂತರು. ದೃಷ್ಟಿ ಹೋಗುತ್ತಿದೆ ಎಂದು ಉಳಿದ ಹೆಂಗಸರೂ ಕೈಮುಗಿದರು. ಮಾಧುರಿ ಮೇಡಂ ವಿಡಿಯೋ ತೆಗೆಯತೊಡಗಿದರು. ಪಕ್ಕದ ಮೇಜಿನವರು ತಮ್ಮ ಸೂಪನ್ನು ಅನುಮಾನದಿಂದ ನೋಡಿಕೊಂಡರು.

ನನ್ನ ಸ್ಥಿತಿ ಕೇಳಬೇಡಿ. ಫರಸಿಗೆ ಹುಳಿ ತಾಗಿಸಬೇಡಿ, ಆ್ಯಸಿಡ್ ಹಾಕಿ ತೊಳೆಯಬೇಡಿ ಎಂದು ಗಿರಾಕಿಗಳಿಗೆ ಮೂವತ್ತು ವರ್ಷ ಬಡಕೊಂಡವನು ನಾನು. ಅವರು ಹಾಕಿಯೇ ಹಾಕುತ್ತಾರೆ, ನೊರೆ ಬರುತ್ತದೆ, ಹೊಳಪು ಹೋಗುತ್ತದೆ, ನನ್ನ ಮೇಲೇ ಜಗಳಕ್ಕೆ ಬರುತ್ತಾರೆ. ಮಾತು ಗಂಟಲಿನವರೆಗೆ ಬಂತು. ಆಡಿದರೆ ಒಪ್ಪಂದ ಮುರಿಯುತ್ತದೆ, ಅಕ್ಕನ ಕಾಲು ಹೋಗುತ್ತದೆ. ಆಡದಿದ್ದರೆ ಅವಳು ಈ ಗುಳ್ಳೆಯನ್ನೇ ನಂಬಿಬಿಡುತ್ತಾಳೆ, ಆಗಲೂ ಹೋಗುತ್ತದೆ. ಸೂಪಿನ ಜೊತೆ ಇಟ್ಟಿದ್ದ ಹಸಿ ಸೊಪ್ಪಿನ ಕಟ್ಟೊಂದನ್ನು ಬಾಯಿಗೆ ತುರುಕಿಕೊಂಡು ಅಗಿಯುತ್ತ ಕುಳಿತೆ.

ಅಕ್ಕ ಮಾತ್ರ ಕೈಮುಗಿದಿರಲಿಲ್ಲ. ಗುಳ್ಳೆಗಳನ್ನು ನೋಡುತ್ತಿದ್ದಳು. ಹರಳನ್ನು ಸೆರಗಿನಿಂದ ಒರೆಸಿದಳು. ಹಿಂಡಿದ ಜಾಗದ ಹೊಳಪು ಹೋಗಿ ಬಿಳಿಚಿ ಕಂಡಿತು. ಅದರ ಮೇಲೆ ಬೆರಳಾಡಿಸಿದಳು. ಕೊನೆಗೆ ಗೆಣ್ಣಿನಿಂದ ಒಮ್ಮೆ ಬಡಿದು ಕಿವಿಗೊಟ್ಟಳು. ಅವಳೂ ಅದೇ ಅಪ್ಪನ ಮಗಳಲ್ಲವೇ.

"ಶಿವ್ಯಾ, ದೇವರಕೋಣಿ ಮುಂದ ನಾ ಲಿಂಬಿಕಾಯಿ ಉಪ್ಪಿನಕಾಯಿ ಭರಣಿ ಒಡದಿದ್ದೆ, ನೆನಪೈತೇನು?"

ನೆನಪಿತ್ತು. ಶಹಾಬಾದಿನ ಮನೆಯಲ್ಲಿ ಅಪ್ಪ ಹೊಸದಾಗಿ ಹಾಸಿದ ಫರಸಿಯ ಮೇಲೆ ಹೀಗೇ ನೊರೆ ಬಂದು ಬಿಳಿ ಕಲೆ ಉಳಿದಿತ್ತು. ಅಪ್ಪ ಉಪ್ಪಿನಕಾಯಿಗಲ್ಲ, ಕಲ್ಲಿಗಾಗಿ ಒಂದು ವಾರ ಬೈದಿದ್ದರು.

"ಇದು ನಮ್ಮ ಫರಸಿನ ಅಲ್ಲೇನಲೇ?"

ನಾನು ಸೊಪ್ಪು ತುಂಬಿದ ಬಾಯಿ ತೋರಿಸಿದೆ.

"ಮಾತಾಡೋ ಮಾರಾಯಾ, ಕೊಟ್ಟ ಮಾತಿನಿಂದ ನಿನ್ನ ಬಿಟ್ಟೀನಿ!"

"ಎರಡೂ ಒಂದ ಮನೆತನ ಅಕ್ಕಾ," ಎಂದೆ. "ಇದು, ನಮ್ಮ ಫರಸಿ, ಆ ಗುಹೆ, ಈ ಗುಡ್ಡ, ಎಲ್ಲಾ ಸುಣ್ಣ. ಹುಳಿ ಬಿತ್ತಂದ್ರ ಎಲ್ಲಾ ಹಿಂಗ ಸೊರ್ ಅಂತಾವು." ಒಮ್ಮೆ ಬಾಯಿ ಬಿಚ್ಚಿದ ಮೇಲೆ ಮುಚ್ಚಲಾಗಲಿಲ್ಲ. ಮೂರು ದಿನದಿಂದ ಕೂಡಿಟ್ಟದ್ದೆಲ್ಲ ಹೊರಬಂತು. ಎಲ್ಲರ ಸೂಪು ಆರಿಹೋಯಿತು.

ಅಕ್ಕ ಹರಳನ್ನು ಕೆಳಗಿಟ್ಟಳು. ಅವಳು ಅಳುತ್ತಾಳೆ ಎಂದುಕೊಂಡೆ. ಭುಜ ಅಲುಗತೊಡಗಿತು. ನೋಡಿದರೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

"ಅರವತ್ತು ವರ್ಷ ಇದರ ಮ್ಯಾಲ ಕುಂತೀನಿ, ಎದ್ದೀನಿ, ಮಲಗೀನಿ. ಇದಕ್ಕ ಮೊಣಕಾಲು ನೆಟ್ಟಗ ಮಾಡೋ ಶಕ್ತಿ ಇದ್ದಿದ್ರ ಶಹಾಬಾದದಾಗ ಒಬ್ಬ ಮುದುಕಿನೂ ಕುಂಟುತಿರಲಿಲ್ಲ!"

ಸುಜಾತಾ ಗಾರುವಿಗೆ ನಾನು ತೆಲುಗಿನಲ್ಲಿ ತಿಳಿಸಿದೆ. ಮೇಜಿನ ಸುತ್ತ ನಗು ಹಬ್ಬಿತು. ಮಾಧುರಿ ಮೇಡಂ ವಿಡಿಯೋ ನಿಲ್ಲಿಸಿ, ಬಹಳ ಗಂಭೀರವಾಗಿ, "ನೋಡಿದಿರಾ, ನೀವು ಹುಟ್ಟಿದಾಗಿನಿಂದ ಸರಿಯಾದ ಕಲ್ಲಿನ ಮೇಲೇ ಇದ್ದೀರಿ" ಎಂದರು. ಆ ಹೆಂಗಸನ್ನು ನಾನು ಅಂದಿನಿಂದ ಮೆಚ್ಚಿಕೊಂಡೆ. ಅಕ್ಕ ಅವರ ತಟ್ಟೆಗೆ ಒಂದು ರೊಟ್ಟಿ ಹಾಕಿ, ನನ್ನ ಕಡೆ ತಿರುಗಿ, "ಮಾತು ಅಂದ್ರ ಮಾತು. ಊರಿಗೆ ಹೋದ ಮ್ಯಾಲ ಡಾಕ್ಟರಿಗೆ ಫೋನ್ ಹಚ್ಚು" ಎಂದಳು. ಆಮೇಲೆ ಊಟ ಮುಗಿಯುವವರೆಗೂ ಅವಳು ನಗಲಿಲ್ಲ.

ಮತ್ತೆ ಕೂಕಟ್‌ಪಲ್ಲಿ

ಅಕ್ಕ ಆಸ್ಪತ್ರೆಗೆ ಸೇರಿದಳು. ಆಪರೇಶನ್ ಚೆನ್ನಾಗಿ ಆಯಿತು ಎಂದು ಡಾಕ್ಟರು ಹೇಳಿದ ಕೂಡಲೇ ಮಾವನನ್ನು ಅವಳ ಪಕ್ಕ ಕೂರಿಸಿ ನಾನು ಅಂಗಡಿಗೆ ಓಡಿದೆ.

ಶಹಾಬಾದಿನ ಮನೆ ಮಾರಿದಾಗ ಅಪ್ಪ ಹಾಸಿದ ಫರಸಿಗಳನ್ನು ಎಬ್ಬಿಸಿ ತಂದು ಅಂಗಡಿಯ ಹಿಂದೆ ಒರಗಿಸಿಟ್ಟಿದ್ದೆ. ಅಂಥ ದಪ್ಪ ಕಲ್ಲು ಈಗ ಸಿಗುವುದಿಲ್ಲ. ಎಷ್ಟೋ ಗಿರಾಕಿಗಳು ಕೇಳಿದರೂ ಕೊಟ್ಟಿರಲಿಲ್ಲ, ಯಾಕೆಂದು ನನಗೂ ತಿಳಿದಿರಲಿಲ್ಲ. ಅವುಗಳಲ್ಲಿ ಹುಡುಕಿ ಹುಡುಕಿ ಒಂದನ್ನು ತೆಗೆದೆ. ಅಕ್ಕನ ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ಒಂದು ಬದಿಯಲ್ಲಿ ಒಡೆಸಿ, ಕುರ್ಚಿಯಲ್ಲಿ ಕುಳಿತವರ ಕೈಗೆ ಸರಿಯಾಗುವ ಎತ್ತರಕ್ಕೆ, ಕೆಳಗೆ ಕಾಲು ಚಾಚಲು ಜಾಗ ಬಿಟ್ಟು, ಆ ಫರಸಿಯನ್ನು ಕೂರಿಸಿದೆವು. ಯಾದಗಿರಿ ಕಡೆಯ ಮೇಸ್ತ್ರಿ ದೇವಪ್ಪ, "ಈ ಮೂಲ್ಯಾಗ ಬಿಳಿ ಕಲಿ ಐತ್ರಿ ಸಾವ್ಕಾರ್ರ, ಉಜ್ಜಿ ತಗೀಲೇನ್ರಿ?" ಎಂದ. ಕಲೆಗೆ ಕೈ ಹಚ್ಚಿದರೆ ಕೈ ಮುರಿಯುತ್ತೇನೆ ಎಂದೆ. ಅವನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

ಅಕ್ಕ ಮನೆಗೆ ಬಂದು ಕೆಲವು ವಾರ ಹಾಸಿಗೆ, ವಾಕರ್, ವ್ಯಾಯಾಮ ಎಂದು ಕಳೆದಳು. ಅಡುಗೆಮನೆಯ ಬಾಗಿಲು ಮುಚ್ಚಿಸಿಟ್ಟಿದ್ದೆ. ಒಂದು ಬೆಳಿಗ್ಗೆ ಕೋಲೂರಿಕೊಂಡು ತಾನೇ ಬಾಗಿಲು ತಳ್ಳಿದಳು. ನಾನು ಹಿಂದೆ ನಿಂತಿದ್ದೆ.

ಅವಳು ಕೋಲನ್ನು ಗೋಡೆಗೆ ಒರಗಿಸಿದಳು. ಕುರ್ಚಿಯಲ್ಲಿ ಕುಳಿತಳು. ಗೆಣ್ಣಿನಿಂದ ಫರಸಿಯನ್ನು ಬಡಿದಳು. ಟಣ್ ಎಂದಿತು. ಅಂಗೈ ಆಡಿಸುತ್ತ ಹೋಗಿ ಮೂಲೆಯ ಬಿಳಿ ಕಲೆಯ ಮೇಲೆ ನಿಲ್ಲಿಸಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ. ನನಗೆ ಅಲ್ಲಿ ನಿಲ್ಲಲಾಗದೆ ಹಾಲು ತರುವ ನೆಪ ಹೇಳಿ ಹೊರಗೆ ಹೋದೆ.

ವಾಪಸು ಬಂದಾಗ ರೊಟ್ಟಿ ಬಡಿಯುವ ಸದ್ದು ಮೆಟ್ಟಿಲವರೆಗೂ ಕೇಳುತ್ತಿತ್ತು. ಜೇನಿನ ಬಣ್ಣದ ಹರಳು ಕಟ್ಟೆಯ ಮೇಲೆ ಕಿರಾಣಿಯ ಚೀಟಿ ಹಾರದ ಹಾಗೆ ಕಾಯುತ್ತಿತ್ತು. ಅಕ್ಕ ತಲೆ ಎತ್ತದೆಯೇ ಮಾತಾಡಿದಳು.

"ನೂರು ವರ್ಷಕ್ಕ ಒಂದು ಬೆರಳು ಏರತೈತಿ ಅಂದಿದ್ಲಲ್ಲೋ ಆ ಹುಡುಗಿ. ನೀ ನಾಕು ದಿನದಾಗ ನೆಲಾನ ನನ್ನ ಕೈತನಕ ಏರಿಸಿಬಿಟ್ಟಿಯಲ್ಲೋ."

ಬಿಸಿ ರೊಟ್ಟಿಯೊಂದನ್ನು ನನ್ನ ತಟ್ಟೆಗೆ ಹಾಕಿದಳು.